ಸತ್ತ ಕೋಳಿ ನಾಯಿಗೆ ಒಗೆಯೋದು, ಮತ್ತು ಫ್ಲೂ ಜ್ವರದ ಹಳೇ ಕಥಿ

ಹೋದ ವಾರ ಗೋವಿನಜೋಳದ ರಾಶಿ ಮುಗಿಸಿ ಕಣದಾಗ ಕುಂತಿದ್ವಿ. ಬಾಜು ಹೊಲದ ಹುಡುಗ ಒಂದು ಸತ್ತ ಜವಾರಿ ಕೋಳಿಯ ಕಾಲು ಹಿಡಕೊಂಡು ಬಂದು ನಮ್ಮ ಕರಿಯನ ಮುಂದ ಒಗೆದ. ಕರಿಯ ಅಂದ್ರ ನಮ್ಮ ಕಣ ಕಾಯೋ ನಾಯಿ. ನಾನು ಓಡಿ ಹೋಗಿ ಕೋಳಿ ಕಸಗೊಂಡೆ. ಹುಡುಗನಿಗೆ ಅಚ್ಚರಿ. "ಕಾಕಾ, ಎರಡು ದಿನದಿಂದ ತೂಕಡಸ್ತಿತ್ತು, ಮುಂಜಾನೆ ನೋಡಿದ್ರ ಸತ್ತಿತ್ತು. ಸುಮ್ನ ಹಾಳು ಮಾಡೋದ್ಯಾಕ ಅಂತ ತಂದೆ. ನಾಯಿಗೆ ಕೋಳಿ ಜಡ್ಡು ಬರ್ತೈತೇನು?" ಅಂದ.

ಬರ್ತೈತಿ ಅಂದೆ. ಹೆಂಗ ಅಂತ ಕೇಳಿದ. ರಾಶಿ ತುಂಬಿಸೋ ಗಡಿಬಿಡಿಯೊಳಗ ಹೇಳೋಕಾಗಲಿಲ್ಲ. ಅದು ಒಂದು ಮಾತಿನಾಗ ಮುಗಿಯೋದೂ ಅಲ್ಲ, ನೂರೈವತ್ತು ವರ್ಷದ ಕಥಿ. ಅದಕ್ಕ ಇಲ್ಲಿ ಬರೀತಿದ್ದೇನೆ. ಉದ್ದ ಆಗ್ತದ, ಸಾವಕಾಶ ಓದ್ರಿ.

ಮೊದಲ ನನ್ನ ತಪ್ಪು ಒಪ್ಪಿಕೊಳ್ತೀನಿ. ನಾನೂ ವರ್ಷಗಟ್ಟಲೆ ಇದನ್ನೇ ಮಾಡಿದವ. ಒಂದು ಬೇಸಿಗೆಯಲ್ಲಿ ನಮ್ಮ ಮನೆಯ ಹದಿನಾಲ್ಕು ಕೋಳಿ ನಾಲ್ಕೇ ದಿನದಲ್ಲಿ ಸತ್ತವು. ಹಸಿರು ಹಿಕ್ಕೆ, ಕುತ್ತಿಗೆ ತಿರುಚೋದು, ಬಾಯಿ ತೆರೆದು ಉಸಿರಾಡೋದು. ಕೊಕ್ಕರೆ ರೋಗ ಅಂತ ನಾವೇ ತೀರ್ಮಾನ ಮಾಡಿದ್ವಿ. ಎರಡನ್ನ ತಿಪ್ಪೆಗೆ ಒಗೆದೆ, ಉಳಿದವು ನಾಯಿಗಳ ಪಾಲು. ನಾಯಿಗಳಿಗೆ ಏನೂ ಆಗಲಿಲ್ಲ. "ಏನೂ ಆಗಲಿಲ್ಲ" ಅನ್ನೋದೇ ನಮ್ಮಂಥವರಿಗೆ ದೊಡ್ಡ ಪುರಾವೆ ನೋಡ್ರಿ. ಬಹುಶಃ ಅದು ಕೊಕ್ಕರೆ ರೋಗವೇ ಇರಬೇಕು, ಅದು ನಾಯಿಗೆ ಹತ್ತೋ ಜಡ್ಡಲ್ಲ. ಆದ್ರ ಆಮೇಲೆ ಒಬ್ಬ ಪಶುವೈದ್ಯರು ಹೇಳಿದ ಮಾತು ತಲ್ಯಾಗ ಕುಂತುಬಿಡ್ತು. ಕೊಕ್ಕರೆ ರೋಗಕ್ಕೂ ಹಕ್ಕಿಜ್ವರಕ್ಕೂ ಹೊರಗಿನಿಂದ ನೋಡಿದ್ರ ವ್ಯತ್ಯಾಸ ಹೇಳೋದು ಬಾಳ ಕಷ್ಟ ಅಂತ. ಅದೇ ತೂಕಡಿಕೆ, ಅದೇ ಹಸಿರು ಹಿಕ್ಕೆ, ಅದೇ ಸಾವು. ಖಾತ್ರಿ ಆಗಬೇಕಂದ್ರ ಮಾದರಿ ಭೋಪಾಲದ ಪ್ರಯೋಗಾಲಯಕ್ಕ ಹೋಗಬೇಕು. ನಾವು ಕಣದಾಗ ಕುಂತು ಹೇಳೋ ರೋಗದ ಹೆಸರು ಬರೀ ಅಂದಾಜು.

ಈಗ ಕಥಿಗೆ ಬರೋಣ.

ಫ್ಲೂ ಅನ್ನೋದು ಮನುಷ್ಯನ ನೆಗಡಿ-ಜ್ವರ ಅಂತ ನಾವು ತಿಳಕೊಂಡೀವಿ. ಆದ್ರ ಅದು ಎಂದೂ ಮನುಷ್ಯನೊಬ್ಬನ ಸ್ವತ್ತಾಗಿರಲಿಲ್ಲ. 1872ರಲ್ಲಿ ಕೆನಡಾದ ಟೊರಾಂಟೊ ಸುತ್ತ ಕುದುರೆಗಳಿಗೆ ಕೆಮ್ಮು-ಜ್ವರ ಹತ್ತಿ, ಕೆಲವೇ ತಿಂಗಳಲ್ಲಿ ಇಡೀ ಉತ್ತರ ಅಮೆರಿಕಕ್ಕೆ ಹಬ್ಬಿತು. ಆಗ ಕುದುರೆ ಅಂದ್ರ ಇವತ್ತಿನ ಲಾರಿ, ಟ್ರ್ಯಾಕ್ಟರ್, ಬಸ್ಸು ಎಲ್ಲಾ ಅದೇ. ಪೇಟೆಗೆ ಮಾಲು ಬರಲಿಲ್ಲ, ಬಂಡಿಗಳು ನಿಂತವು. ಅದೇ ನವೆಂಬರಿನಲ್ಲಿ ಬಾಸ್ಟನ್ ಪಟ್ಟಣಕ್ಕ ಬೆಂಕಿ ಬಿದ್ದಾಗ ಬೆಂಕಿ ಆರಿಸೋ ಬಂಡಿ ಎಳೆಯೋಕೆ ಗಟ್ಟಿ ಕುದುರೆ ಇರಲಿಲ್ಲ, ಜನಾನೇ ಎಳೀಬೇಕಾಯ್ತು. ಎತ್ತುಗಳಿಗೆ ಕಾಲುಬಾಯಿ ಬೇನೆ ಬಂದ ವರ್ಷ ನಮ್ಮ ಹಿರಿಯರು ತಾವೇ ಕುಂಟೆ ಎಳೆದ ಕಥಿ ಕೇಳಿದವರಿಗೆ ಇದು ತಿಳೀತದ.

1918ರದ್ದು ನಮ್ಮ ಸೀಮೆಯದೇ ಕಥಿ. ಆಗ ಬ್ಯಾಡಗಿ, ರಾಣೆಬೆನ್ನೂರು ಎಲ್ಲಾ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಜೂನ್ ಹೊತ್ತಿಗೆ ಮುಂಬಯಿಗೆ ಹಡಗಿನಲ್ಲಿ ಬಂದ ಜ್ವರ, ಮಳೆಗಾಲ ಮುಗಿಯೋ ಹೊತ್ತಿಗೆ ಎರಡನೇ ಸಲ ಎದ್ದು ರೈಲಿನ ಹಾದಿ ಹಿಡಿದು ಒಳನಾಡಿಗೆ ನುಗ್ಗಿತು. ಆ ವರ್ಷ ಮಳೆಯೂ ಕೈಕೊಟ್ಟಿತ್ತು. ಹಿಂದೂಸ್ತಾನದಲ್ಲಿ ಒಂದು ಕೋಟಿಗೂ ಮೇಲೆ ಜನ ಸತ್ತರು. ಜಗತ್ತಿನ ಯಾವ ದೇಶದಲ್ಲೂ ಅಷ್ಟು ಜನ ಸಾಯಲಿಲ್ಲ. ನಮ್ಮ ಮುತ್ತಜ್ಜಿ "ಇಂಪ್ಲೆಂಜಾ ವರ್ಷ" ಅಂತ ಹೇಳ್ತಿದ್ದಳಂತೆ, ಯಾರ ಮದುವೆ, ಯಾರ ಹುಟ್ಟು ಅಂತ ಲೆಕ್ಕ ಹಾಕೋದೂ ಆ ವರ್ಷದಿಂದಲೇ. ಹಳೇ ಮನೆತನದವರು ನಿಮ್ಮ ಮನೆಯಲ್ಲೂ ಕೇಳಿ ನೋಡ್ರಿ, ಆ ಸುಗ್ಗಿಯಲ್ಲಿ ಒಬ್ಬರಾದರೂ ಹೋಗಿರ್ತಾರ.

ಅಷ್ಟು ಜನ ಸತ್ತರೂ ಅದು ಯಾವ ಕ್ರಿಮಿ ಅಂತ ಯಾರಿಗೂ ಗೊತ್ತಿರಲಿಲ್ಲ. ಅದನ್ನ ಹಿಡಿಯೋಕೆ ಇನ್ನೂ ಹದಿನೈದು ವರ್ಷ ಬೇಕಾಯ್ತು. ಇಲ್ಲಿ ನಾಯಿ ಬರ್ತದ, ಅದೂ ಹಿಂಬಾಗಿಲಿನಿಂದ.

ಇಂಗ್ಲೆಂಡಿನ ಸಾಹುಕಾರರಿಗೆ ಬೇಟೆನಾಯಿ ಅಂದ್ರ ಪ್ರಾಣ. ಆ ನಾಯಿಗಳನ್ನ ಡಿಸ್ಟೆಂಪರ್ ಅನ್ನೋ ರೋಗ ಸಾಲಾಗಿ ಕೊಲ್ತಿತ್ತು. ನಮ್ಮಲ್ಲೂ ಮರಿಗಳಿಗೆ ಬರ್ತೈತಿ, ಕಣ್ಣು ಮೂಗು ಸುರಿದು, ಆಮೇಲೆ ಕಾಲು ನಡುಗಿ, ಸೆಳೆತ ಬಂದು ಸಾಯ್ತಾವಲ್ಲ, ಅದು. 'ದಿ ಫೀಲ್ಡ್' ಅನ್ನೋ ಬೇಟೆಗಾರರ ಪತ್ರಿಕೆಯೊಂದು 1920ರ ದಶಕದಲ್ಲಿ ಚಂದಾ ಎತ್ತಿ, ಲಂಡನ್ನಿನ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಗೆ ಕೊಟ್ಟು, ನಾಯಿರೋಗಕ್ಕ ಲಸಿಕೆ ಹುಡುಕ್ರಿ ಅಂತು. ಲೇಡ್ಲಾ ಮತ್ತು ಡಂಕಿನ್ ಅನ್ನೋ ಇಬ್ಬರು ಆ ಕೆಲಸಕ್ಕ ಕುಂತರು. ನಾಯಿಗಳ ಮೇಲೆ ಪ್ರಯೋಗ ಮಾಡೋದು ಕಷ್ಟ, ಯಾಕಂದ್ರ ಹೊರಗಿನ ನಾಯಿಗೆ ಅದಾಗಲೇ ರೋಗ ಬಂದು ಹೋಗಿರ್ತದ. ಹುಡುಕ್ತಾ ಹುಡುಕ್ತಾ ಅವರಿಗೆ ಫೆರೆಟ್ ಸಿಕ್ಕಿತು. ಮುಂಗುಸಿಯಂಥ ಉದ್ದ ಮೈಯ ಪ್ರಾಣಿ, ಅಲ್ಲಿ ಮೊಲ ಹಿಡಿಯೋಕೆ ಸಾಕ್ತಾರ. ನಾಯಿಯ ಡಿಸ್ಟೆಂಪರ್ ಅದಕ್ಕೂ ಹತ್ತಿತು. ಲಸಿಕೆಯೂ ಆಯ್ತು.

1933ರಲ್ಲಿ ಲಂಡನ್ನಿಗೆ ಫ್ಲೂ ಬಂದಾಗ ಅದೇ ಸಂಸ್ಥೆಯಲ್ಲಿ ಲೇಡ್ಲಾ, ವಿಲ್ಸನ್ ಸ್ಮಿತ್, ಆಂಡ್ರ್ಯೂಸ್ ಮೂವರೂ ಸೇರಿ ಜ್ವರ ಬಂದವರ ಗಂಟಲು ಮುಕ್ಕಳಿಸಿದ ನೀರನ್ನ ಸೋಸಿ ಫೆರೆಟ್‌ಗಳ ಮೂಗಿಗೆ ಬಿಟ್ಟರು. ಫೆರೆಟ್‌ಗಳು ಸೀನೋಕೆ ಶುರು ಮಾಡಿದವು. ಮನುಷ್ಯನ ಫ್ಲೂ ವೈರಸ್ ಮೊದಲ ಸಲ ಕೈಗೆ ಸಿಕ್ಕದ್ದು ಹಿಂಗ. ಅದಕ್ಕೂ ಎರಡು ವರ್ಷ ಮೊದಲು, 1931ರಲ್ಲಿ, ಅಮೆರಿಕದ ರಿಚರ್ಡ್ ಶೋಪ್ ಹಂದಿಯ ಫ್ಲೂ ಹಿಡಿದಿದ್ದ. 1936ರಲ್ಲಿ ಲಂಡನ್ನಿನ ತಂಡ ಇನ್ನೊಂದು ಬರೀತು: ಜಡ್ಡಾದ ಫೆರೆಟ್ ಒಂದು ಸ್ಟುವರ್ಟ್-ಹ್ಯಾರಿಸ್ ಅನ್ನೋ ಸಂಶೋಧಕರ ಮುಖಕ್ಕ ಸೀನಿ, ಅವರಿಗೇ ಫ್ಲೂ ಬಂತು ಅಂತ. ಪ್ರಾಣಿಯಿಂದ ಮನುಷ್ಯನಿಗೆ ದಾಟಿದ್ದು ಕಣ್ಣೆದುರಿಗೇ ಕಂಡಂತಾಯ್ತು.

ನನಗೆ ಇದು ಬಾಳ ವಿಚಿತ್ರ ಅನಸ್ತೈತಿ. ನಾಯಿ ಉಳಿಸಾಕ ಎತ್ತಿದ ಚಂದಾದಿಂದ ಬಂದ ಪ್ರಾಣಿ ಮನುಷ್ಯನ ಫ್ಲೂ ತೋರಿಸಿಕೊಟ್ಟಿತು. ನಾಯಿ ಮಾತ್ರ ಫ್ಲೂ ಲೆಕ್ಕದಿಂದ ಹೊರಗೇ ಉಳೀತು. ಹಂದಿಗೆ ಐತಿ, ಕುದುರೆಗೆ ಐತಿ, ಬಾತುಕೋಳಿಗೆ ಐತಿ, ನಾಯಿಗೆ ತನ್ನದೇ ಫ್ಲೂ ಅಂತ ಇಲ್ಲ, ಅಂತಲೇ ಮುಂದಿನ ಎಪ್ಪತ್ತು ವರ್ಷ ಬಹಳಷ್ಟು ಪಶುವೈದ್ಯರು ನಂಬಿದ್ದರು.

ವೈರಸ್ ಹೆಂಗ ದಾಟತೈತಿ ಅನ್ನೋದನ್ನ ಎರಡು ಮಾತಿನಾಗ ಹೇಳಿಬಿಡ್ತೀನಿ, ಇಲ್ಲದಿದ್ರ ಮುಂದಿನದು ಹತ್ತೋದಿಲ್ಲ. ಎಚ್‌5ಎನ್‌1, ಎಚ್‌3ಎನ್‌8 ಅಂತ ಪೇಪರಿನಾಗ ಓದ್ತೀರಲ್ಲ, ಅದರಲ್ಲಿ ಎಚ್ ಅಂದ್ರ ಜೀವಕೋಶದ ಬಾಗಿಲು ತೆಗೆಯೋ ಕೀಲಿ. ಎನ್ ಅಂದ್ರ ಒಳಗ ಮರಿ ಹಾಕಿದ ಮೇಲೆ ಹೊರಗೆ ಬರೋಕೆ ದಾರಿ ಕತ್ತರಿಸೋ ಕತ್ತರಿ. ಹಕ್ಕಿಯ ಬಾಗಿಲಿನ ಬೀಗ ಬೇರೆ, ಮನುಷ್ಯನ ಗಂಟಲಿನ ಬೀಗ ಬೇರೆ. ಅದಕ್ಕೇ ಹಕ್ಕಿಜ್ವರ ನಮಗೆ ಸುಲಭಕ್ಕ ಹತ್ತೋದಿಲ್ಲ. ಇನ್ನೊಂದು, ಈ ವೈರಸ್ಸಿನ ವಂಶದ ಎಳೆ ಒಂದೇ ಉದ್ದ ದಾರ ಅಲ್ಲ, ಎಂಟು ತುಂಡು. ಒಂದೇ ಪ್ರಾಣಿಯ ಮೈಯಾಗ ಎರಡು ಜಾತಿ ಫ್ಲೂ ಒಟ್ಟಿಗೆ ಹೊಕ್ಕರೆ ಆ ತುಂಡುಗಳು ಅದಲುಬದಲಾಗಿ ಮೂರನೇದೊಂದು ಹುಟ್ಟಬಹುದು. ರಾಣೆಬೆನ್ನೂರು ಸುತ್ತ ಬೀಜೋತ್ಪಾದನೆ ಮಾಡೋರಿಗೆ ಇದನ್ನ ಹೇಳಿಕೊಡೋದೇ ಬ್ಯಾಡ. ಮುಂಜಾನೆ ಎದ್ದು ಗಂಡುಹೂವಿನ ಪರಾಗ ತಂದು ಹೆಣ್ಣುಹೂವಿಗೆ ಮುಟ್ಟಿಸಿ ಕ್ರಾಸಿಂಗ್ ಮಾಡ್ತೀರಲ್ಲ, ಅಲ್ಲಿ ನಿಮ್ಮ ಕೈ ಇರ್ತದ, ಇಲ್ಲಿ ಯಾರ ಕೈಯೂ ಇಲ್ಲ. ಬಾಜು ಹೊಲದ ಬೇರೆ ತಳಿ ಹೂವಿನಿಂದ ನಮ್ಮ ಡಬ್ಬಿ ಮೆಣಸಿನಕಾಯಿ ಬೀಜ ಕೆಟ್ಟ ಹಂಗ, ಗೊತ್ತಾಗೋದು ಮುಂದಿನ ವರ್ಷವೇ.

ಸರಿ. 1963ರಲ್ಲಿ ಅಮೆರಿಕದ ಮಯಾಮಿಯಲ್ಲಿ ಕುದುರೆಗಳಿಗೆ ಒಂದು ಹೊಸ ಫ್ಲೂ ಬಂತು, ಅದೇ ಎಚ್‌3ಎನ್‌8. ಆಮೇಲೆ ಅದು ಜಗತ್ತಿನ ಕುದುರೆಗಳ ಖಾಯಂ ಜಡ್ಡಾಯ್ತು. ನಮ್ಮ ದೇಶಕ್ಕೂ 1987ರಲ್ಲಿ ಬಂದು, ಉತ್ತರದ ಕಡೆ ದೊಡ್ಡದಾಗಿ ಹಬ್ಬಿ ಹೋಗಿತ್ತು. ನಾಲ್ವತ್ತು ವರ್ಷ ಕುದುರೆಯಲ್ಲೇ ಇದ್ದದ್ದು 2004ರ ಜನವರಿಯಲ್ಲಿ ಬೇಲಿ ಹಾರಿತು. ಫ್ಲಾರಿಡಾದ ಒಂದು ನಾಯಿ ಓಟದ ಮೈದಾನದಲ್ಲಿ ಗ್ರೇಹೌಂಡ್ ನಾಯಿಗಳಿಗೆ ಕೆಮ್ಮು, ಜ್ವರ. 22 ನಾಯಿಗೆ ಜಡ್ಡಾಗಿ 8 ಸತ್ತವು. ಕೆಲವು ಶ್ವಾಸಕೋಶದೊಳಗ ರಕ್ತ ತುಂಬಿ ಸತ್ತಿದ್ದವು. ಸಾಮಾನ್ಯ ಕೆನಲ್ ಕೆಮ್ಮು ಅಂತ ಬಿಟ್ಟುಬಿಡಬಹುದಿತ್ತು. ಫ್ಲಾರಿಡಾ ವಿಶ್ವವಿದ್ಯಾಲಯದ ಸಿಂಡಾ ಕ್ರಾಫರ್ಡ್ ಅನ್ನೋ ಪಶುವೈದ್ಯೆ ಬಿಡಲಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಮಾದರಿ ಹೋಗಿ, ಅದು ಕುದುರೆಯ ಎಚ್‌3ಎನ್‌8, ಇದ್ದಕ್ಕಿದ್ದಂಗ ಇಡಿಯಾಗಿ ನಾಯಿಗೆ ದಾಟೈತಿ ಅಂತ ಗೊತ್ತಾಯ್ತು. 2005ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಆಮೇಲೆ ಹಳೇ ರಕ್ತದ ಮಾದರಿ ತೆಗೆದು ನೋಡಿದರೆ, ಕಣ್ಣಿಗೆ ಬೀಳೋದಕ್ಕೂ ಕೆಲವು ವರ್ಷ ಮೊದಲೇ ಓಟದ ನಾಯಿಗಳಲ್ಲಿ ಅದು ಓಡಾಡಿತ್ತು.

ಇಂಗ್ಲೆಂಡಿನವರೂ ತಮ್ಮ ಹಳೇ ಕಡತ ತೆಗೆದರು. 2002ರಲ್ಲಿ ಒಂದು ಬೇಟೆನಾಯಿ ಹಿಂಡಿಗೆ ವಿಚಿತ್ರ ಕೆಮ್ಮು ಬಂದಿತ್ತು, ಕಾರಣ ಸಿಕ್ಕಿರಲಿಲ್ಲ. ಇಟ್ಟಿದ್ದ ಮಾದರಿ ಮತ್ತೆ ನೋಡಿದ್ರ ಅದೂ ಕುದುರೆ ಫ್ಲೂ. ಆ ನಾಯಿಗಳಿಗೆ ಕುದುರೆ ಮಾಂಸ ಹಾಕಿದ್ದೇ ದಾರಿ ಆಗಿರಬಹುದು ಅಂತ ಸಂಶೋಧಕರು ಶಂಕಿಸಿದರು. ಈ ಮಾತು ನೆನಪಿಡ್ರಿ, ಮತ್ತೆ ಬರ್ತದ. 2007ರಲ್ಲಿ ಆಸ್ಟ್ರೇಲಿಯಾದಲ್ಲಿ ಕುದುರೆ ಫ್ಲೂ ಎದ್ದಾಗ ಜಡ್ಡಾದ ಕುದುರೆಗಳ ಜೊತೆ ಇದ್ದ ನಾಯಿಗಳಿಗೂ ಹತ್ತಿತು. ಆದ್ರ ಅಲ್ಲಿ ನಾಯಿಯಿಂದ ನಾಯಿಗೆ ಹಬ್ಬಲಿಲ್ಲ, ಅಲ್ಲಿಗೇ ನಿಂತಿತು. ಎಲ್ಲಾ ದಾಟೂ ಬೇರು ಬಿಡೋದಿಲ್ಲ ಅಂತಾಯ್ತು.

ಕುದುರೆ-ನಾಯಿ ಜೋಡಿ ನಮಗೆ ಹೊಸದಲ್ಲ ಬಿಡ್ರಿ. ದೇವರಗುಡ್ಡದ ಮೈಲಾರಲಿಂಗಪ್ಪನ ಪಟ ಯಾರ ಮನೆಯಲ್ಲಿಲ್ಲ? ಅಪ್ಪ ಕುದುರೆ ಮೇಲೆ, ಕೆಳಗ ನಾಯಿ. ಗೊರವಯ್ಯಗಳು ತಾವೇ ಅವನ ನಾಯಿಗಳು ಅಂತ ಬೊಗಳಿ, ದೋಣಿಯೊಳಗಿನ ಎಡೆಗೆ ಬಾಯಿ ಹಾಕಿ ಉಣ್ತಾರ. ಒಂದೇ ಅಂಗಳದಾಗ ಕುದುರೆ, ನಾಯಿ, ಮನುಷ್ಯ ಕೂಡಿ ಇರೋದು ಎಷ್ಟು ಹಳೇದು ಅಂತ ಆ ಪಟ ನೋಡಿದಾಗೆಲ್ಲ ನೆನಪಾಗ್ತದ.

ಆ ಕುದುರೆ ಫ್ಲೂ ನಮ್ಮ ರಾಜ್ಯಕ್ಕೂ ಬಂದಿತ್ತು ಅನ್ನೋದು ಬಾಳ ಮಂದಿಗೆ ಗೊತ್ತಿಲ್ಲ. 2008ರ ಜೂನ್‌ನಲ್ಲಿ ಜಮ್ಮುವಿನ ಕಡೆ, ವೈಷ್ಣೋದೇವಿಗೆ ಯಾತ್ರಿಕರನ್ನ ಹೊರೋ ಕಟ್ರಾದ ಕುದುರೆ-ಹೇಸರಗತ್ತೆಗಳಲ್ಲಿ ಶುರುವಾಗಿ, ಹನ್ನೊಂದು ರಾಜ್ಯಕ್ಕ ಹಬ್ಬಿತು. ಅದರಲ್ಲಿ ಕರ್ನಾಟಕವೂ ಒಂದು. ಹಿಸಾರದ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರದವರು ಕಟ್ರಾ, ಅಹಮದಾಬಾದ್ ಮತ್ತು ನಮ್ಮ ಮೈಸೂರಿನ ಕುದುರೆಗಳ ಮೂಗಿನ ದ್ರವದಿಂದ ವೈರಸ್ ಬೆಳೆಸಿ ತೆಗೆದರು. ಎಚ್‌3ಎನ್‌8. ವಂಶಾವಳಿ ನೋಡಿದ್ರ ಅದು ಫ್ಲಾರಿಡಾ ಮನೆತನದ್ದೇ, ಅದರ ಎರಡನೇ ಕವಲು. ಅಮೆರಿಕದ ಗ್ರೇಹೌಂಡಿಗೆ ದಾಟಿದ್ದೂ ಅದೇ ಫ್ಲಾರಿಡಾ ಮನೆತನದ ಇನ್ನೊಂದು ಕುಡಿ. ಅಂದ್ರ ದೂರದ ದೇಶದ ಸುದ್ದಿ ಅಂತ ಓದಿದ್ದು ನಾಲ್ಕೇ ವರ್ಷಕ್ಕ ದಾಯಾದಿ ರೂಪದಾಗ ಮೈಸೂರಿಗೆ ಬಂದು ನಿಂತಿತ್ತು. ಮುಧೋಳದ ಬೇಟೆನಾಯಿ ನಮ್ಮ ಹೆಮ್ಮೆ. ತಿಮ್ಮಾಪುರದಲ್ಲಿ ಅದಕ್ಕ ಬೀದರಿನ ಪಶು ವಿಶ್ವವಿದ್ಯಾಲಯದ ಕೇಂದ್ರವೇ ಐತಿ. ಗ್ರೇಹೌಂಡಿನಂಥದ್ದೇ ಸಣ್ಣ ಸೊಂಟ, ಉದ್ದ ಕಾಲು, ದೊಡ್ಡ ಎದೆ. ಅಂಥ ನಾಯಿ ಸಾಕಿದವರು ಕುದುರೆ ಲಾಯದ ಬಾಜು ಕಟ್ಟೋ ಮುಂಚೆ ಒಂದು ಸಲ ವಿಚಾರ ಮಾಡೋದು ಚಲೋ.

ಇನ್ನು ಕೋಳಿಗೆ ಬರೋಣ, ಹುಡುಗ ಕೇಳಿದ್ದು ಅದನ್ನೇ.

2004ರಲ್ಲೇ ಥಾಯ್ಲೆಂಡಿನ ಸುಫಾನ್‌ಬುರಿಯಲ್ಲಿ ಒಂದು ನಾಯಿ, ಹಕ್ಕಿಜ್ವರದಿಂದ ಸತ್ತ ಬಾತುಕೋಳಿ ತಿಂದು, ಜ್ವರ ಬಂದು, ಕೆಲವೇ ದಿನದಲ್ಲಿ ಸತ್ತಿತು. ಮೈಯಲ್ಲಿ ಎಚ್‌5ಎನ್‌1 ಸಿಕ್ಕಿತು. ಅದೇ ವರ್ಷ ಅದೇ ದೇಶದ ಒಂದು ಹುಲಿ ಮೃಗಾಲಯದಲ್ಲಿ ಕೋಳಿ ತಿಂದ ಹುಲಿಗಳು ಡಜನುಗಟ್ಟಲೆ ಸತ್ತವು.

ದೊಡ್ಡ ಪಾಠ ಕೊರಿಯಾದ್ದು. 2007ರಲ್ಲಿ ದಕ್ಷಿಣ ಕೊರಿಯಾದ ಪಶು ಆಸ್ಪತ್ರೆಗಳಿಗೆ ಕೆಮ್ಮೋ ನಾಯಿಗಳು ಬಂದವು. ಪರೀಕ್ಷೆ ಮಾಡಿದ್ರ ಎಚ್‌3ಎನ್‌2, ಎಲ್ಲಾ ಎಂಟೂ ತುಂಡು ಹಕ್ಕಿಯವು. ಹೆಂಗ ಬಂತು? ಅಲ್ಲಿಯ ಸಂಶೋಧಕರು 2008ರಲ್ಲಿ ಬರೆದ ವರದಿಯಲ್ಲಿ ಒಂದು ಅನುಮಾನ ಹೇಳಿದರು: ಅಲ್ಲಿಯ ಫಾರ್ಮುಗಳಲ್ಲಿ ನಾಯಿಗೆ ಹಾಕೋದು ಕೋಳಿ, ಬಾತುಗಳ ಹಸಿ ಮಾಂಸದ ಕೈಮಾ, ಬೇಯಿಸೋದಿಲ್ಲ. ಓದಿದಾಗ ನನಗೆ ನಮ್ಮ ಸಂತೆ ನೆನಪಾಯ್ತು. ಕೋಳಿ ಅಂಗಡಿ ಮುಂದ ಕಾಯ್ತಾ ಕುಂತಿರೋ ಐದಾರು ನಾಯಿ, ಕರುಳು ರಪ್ಪನೆ ಬೀಳೋದು, ಅವು ಕಚ್ಚಾಡೋದು. ಕೊರಿಯಾದಲ್ಲಿ ಫಾರ್ಮು, ನಮ್ಮಲ್ಲಿ ಸಂತೆ, ಅಷ್ಟೇ ಫರಕು.

ಈ ಕೊರಿಯಾದ ಜಾತಿ ಆಸ್ಟ್ರೇಲಿಯಾದಂಗ ಒಂದು ಸಲಕ್ಕ ನಿಲ್ಲಲಿಲ್ಲ. ನಾಯಿಯಿಂದ ನಾಯಿಗೆ ಹಬ್ಬೋಕೆ ಕಲಿತು, ಚೀನಾ, ಥಾಯ್ಲೆಂಡ್ ದಾಟಿ, 2015ರಲ್ಲಿ ವಿಮಾನ ಹತ್ತಿ ಅಮೆರಿಕದ ಶಿಕಾಗೋಗೆ ಹೋಗಿ ಅಲ್ಲಿ ಸಾವಿರಕ್ಕೂ ಹೆಚ್ಚು ನಾಯಿಗಳಿಗೆ ಹತ್ತಿತು. 2016ರಲ್ಲಿ ಅಲ್ಲೇ ಒಂದು ಆಶ್ರಯಕೇಂದ್ರದ ಬೆಕ್ಕುಗಳಿಗೂ ಬಂತು. ಮಜಾ ಏನಂದ್ರ, ಗ್ರೇಹೌಂಡಿನ ಕುದುರೆ ಫ್ಲೂ ಇತ್ತಲ್ಲ, ಅದು ಅಮೆರಿಕದಲ್ಲಿ ಹತ್ತು-ಹನ್ನೆರಡು ವರ್ಷ ಇದ್ದು ತಾನಾಗೇ ಸೊರಗಿ ಹೋಯ್ತು. ಹಕ್ಕಿಯಿಂದ ಬಂದದ್ದು ಮಾತ್ರ ಇನ್ನೂ ಐತಿ.

ಮನುಷ್ಯನಿಗೆ? ಇದುವರೆಗೆ ನಾಯಿಯ ಈ ಫ್ಲೂ ಮನುಷ್ಯನಿಗೆ ಬಂದ ಒಂದೂ ಪ್ರಕರಣ ದಾಖಲಾಗಿಲ್ಲ. ಇದನ್ನ ನಾನು ದಪ್ಪ ಅಕ್ಷರದಾಗ ಬರೀಬೇಕು, ಇಲ್ಲಾಂದ್ರ ನಾಳೆ ಯಾರೋ ವಾಟ್ಸಾಪಿನಾಗ ನಾಯಿ ಕೊಲ್ಲೋ ಸುದ್ದಿ ಹಚ್ಚಿಬಿಡ್ತಾರ. ಉಲ್ಟಾ ಆದದ್ದಂತೂ ಉಂಟು. 2009ರ ಹಂದಿಜ್ವರ ಅಂತ ನಾವು ಕರೆದ ಎಚ್‌1ಎನ್‌1, ಮನೆಯ ಯಜಮಾನರಿಂದಲೇ ಅಮೆರಿಕದಲ್ಲಿ ಬೆಕ್ಕುಗಳಿಗೆ, ನಾಯಿಗೆ ಬಂದಿತ್ತು. ಅಂದ್ರ ನಾಯಿಯ ಮೈಯಾಗ ಹಕ್ಕಿಯದ್ದೂ ಹೊಗತದ, ಕುದುರೆಯದ್ದೂ, ನಮ್ಮದೂ. ಬೀಜದ ಪ್ಲಾಟಿನ ಮಾತು ನೆನಪು ಮಾಡ್ಕೊಳ್ರಿ.

2023ರಲ್ಲಿ ಚೀನಾದ ಸಂಶೋಧಕರು ಒಂದು ದೊಡ್ಡ ಕೆಲಸ ಪ್ರಕಟಿಸಿದರು. 2012ರಿಂದ 2019ರವರೆಗೆ ನಾಯಿಗಳಿಂದ ನಾಲ್ಕು ಸಾವಿರಕ್ಕೂ ಮೇಲೆ ಮಾದರಿ ತೆಗೆದು ಈ ಎಚ್‌3ಎನ್‌2 ವರ್ಷದಿಂದ ವರ್ಷಕ್ಕ ಹೆಂಗ ಬದಲಾಗೈತಿ ಅಂತ ನೋಡಿದರು. ಹಕ್ಕಿ ಬೀಗದ ಕೀಲಿ ನಿಧಾನಕ್ಕ ಮನುಷ್ಯನ ಬೀಗಕ್ಕೂ ಕೂಡ್ರೋ ಹಂಗ ಸವೀತಾ ಬಂದಿತ್ತು. ಹೊಸ ತಳಿಗಳನ್ನ ಪಂಜರದ ಪ್ರಾಣಿಗಳಿಗೆ ಕೊಟ್ಟರೆ ಗಾಳಿಯಲ್ಲಿ ಒಂದರಿಂದ ಒಂದಕ್ಕ ಹಬ್ಬಿತು. ಯಾವ ಪ್ರಾಣಿ ಅಂತೀರಿ? ಅದೇ ಫೆರೆಟ್. 1920ರ ದಶಕದಲ್ಲಿ ನಾಯಿ ಡಿಸ್ಟೆಂಪರಿಗೆ ತಂದ ಪ್ರಾಣಿ ತೊಂಬತ್ತು ವರ್ಷದ ಮೇಲೆ ನಾಯಿ ಫ್ಲೂ ಅಳೆಯೋ ತಕ್ಕಡಿ ಆಗೈತಿ.

ಇದೆಲ್ಲಾ ಚೀನಾ, ಅಮೆರಿಕ ಅನ್ನೋರು ನಮ್ಮ ಸುತ್ತಿನ ಲೆಕ್ಕ ನೋಡ್ರಿ. 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಹೆಸರಘಟ್ಟದ ಕೇಂದ್ರ ಸರ್ಕಾರಿ ಕೋಳಿ ಫಾರ್ಮಿನಲ್ಲಿ ಟರ್ಕಿ ಕೋಳಿಗಳು ಸತ್ತು ಎಚ್‌5ಎನ್‌1 ಖಾತ್ರಿಯಾಯ್ತು. 2020ರ ಮಾರ್ಚಿನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ, ಮತ್ತು ನಮ್ಮ ಮಗ್ಗುಲಿನ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿ. ರಾಣೆಬೆನ್ನೂರು ದಾಟಿ ತುಂಗಭದ್ರೆ ಸೇತುವೆ ಇಳಿದ್ರ ಹರಿಹರ. ಅಷ್ಟೇ ದೂರ. ಅದೇ ತಿಂಗಳು ಕೊರೊನಾ ಗದ್ದಲ, ಕೋಳಿಯಿಂದ ಕೊರೊನಾ ಅಂತ ಸುಳ್ಳು ಸುದ್ದಿ. ಕೋಳಿ ರೇಟು ನೆಲ ಕಚ್ಚಿ, ಗೋಕಾಕ ಕಡೆ ಒಬ್ಬ ರೈತ ಜೀವಂತ ಕೋಳಿಗಳನ್ನೇ ಗುಂಡಿಗೆ ಸುರಿದ ವಿಡಿಯೋ ನೋಡಿದ್ವಲ್ಲ. ಆ ಗದ್ದಲದೊಳಗ ನಿಜವಾದ ಹಕ್ಕಿಜ್ವರ ಇಷ್ಟು ಹತ್ರ ಬಂದು ಹೋದದ್ದು ಎಷ್ಟು ಮಂದಿಯ ಗಮನಕ್ಕ ಬಂತು? ನನಗಂತೂ ಬಂದಿರಲಿಲ್ಲ. ನಾನು ಆ ಬೇಸಿಗೆಯಲ್ಲೂ ಒಂದು ಸತ್ತ ಹುಂಜವನ್ನ ನಾಯಿಗೆ ಒಗೆದಿದ್ದೆ, ಈಗ ನೆನಪಾದ್ರ ಮೈ ಜುಮ್ ಅಂತೈತಿ. 2025ರ ಆರಂಭದಲ್ಲಿ ಮತ್ತೆ ಚಿಕ್ಕಬಳ್ಳಾಪುರದ ವರದಹಳ್ಳಿ, ಸಂಡೂರು ತಾಲ್ಲೂಕಿನ ಕುರೇಕುಪ್ಪ.

ನಾಲ್ಕು ಕಾಲಿನವುಗಳ ಸುದ್ದಿಯೂ ಹತ್ತಿರಕ್ಕೇ ಬಂದೈತಿ. 2024ರ ಡಿಸೆಂಬರಿನಲ್ಲಿ ನಾಗಪುರದ ಗೋರೆವಾಡಾ ಪ್ರಾಣಿ ಕೇಂದ್ರದಲ್ಲಿ ಮೂರು ಹುಲಿ, ಒಂದು ಚಿರತೆ ಎಚ್‌5ಎನ್‌1ನಿಂದ ಸತ್ತವು. ಅದರ ಬೆನ್ನಿಗೇ ಮಧ್ಯಪ್ರದೇಶದ ಛಿಂದವಾಡಾದಲ್ಲಿ ಮನೆಬೆಕ್ಕುಗಳಲ್ಲಿ ಅದೇ ವೈರಸ್ ಸಿಕ್ಕಿತು. ಕೆನಡಾದಲ್ಲಿ 2023ರಲ್ಲಿ ಕಾಡು ಹೆಬ್ಬಾತಿನ ಹೆಣ ಕಚ್ಚಿದ ಸಾಕುನಾಯಿ ಸತ್ತಿತು. 2024ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಹಾಲಿನ ಆಕಳುಗಳಿಗೇ ಹಕ್ಕಿಜ್ವರ ಬಂದು, ಆ ಹಸಿ ಹಾಲು ಕುಡಿದ ಕೊಟ್ಟಿಗೆ ಬೆಕ್ಕುಗಳು ಸತ್ತವು. ನಾವು ಹಾಲು ಕಾಯಿಸಿ ಕುಡಿಯೋ ಜನ, ಅಷ್ಟರಮಟ್ಟಿಗೆ ಪುಣ್ಯ. ಬೆಕ್ಕಿಗೆ ಮಾತ್ರ ಹಿಂಡಿದ ಹಾಲನ್ನ ಅಲ್ಲೇ ಹಾಕ್ತೀವಿ.

ಮನುಷ್ಯರದ್ದೂ ಹೇಳಿಬಿಡ್ತೀನಿ. ನಮ್ಮ ದೇಶದಲ್ಲಿ 2021ರಲ್ಲಿ ಹರಿಯಾಣದ ಒಬ್ಬ ಹುಡುಗ, 2025ರಲ್ಲಿ ಆಂಧ್ರದ ನರಸರಾವಪೇಟೆಯ ಎರಡು ವರ್ಷದ ಕೂಸು, ಎಚ್‌5ಎನ್‌1ನಿಂದ ತೀರಿಕೊಂಡರು. ಆ ಕೂಸು ಹಸಿ ಕೋಳಿಮಾಂಸದ ಚೂರು ಬಾಯಿಗೆ ಹಾಕಿತ್ತು ಅಂತ ವರದಿಯಾಗಿತ್ತು. ನಾಯಿಯ ಪಾತ್ರ ಎರಡರಲ್ಲೂ ಇಲ್ಲ. ಆದ್ರ ಅಂಗಳದಾಗ ಆಡೋ ಕೂಸು, ಅದರ ಮುಖ ನೆಕ್ಕೋ ನಾಯಿ, ನಾಯಿ ಬಾಯಾಗ ಕೋಳಿ. ಅದಕ್ಕಿಂತ ಹೆಚ್ಚು ನಾನು ಬರಿಯೋದಿಲ್ಲ.

ತೂಕ ತಪ್ಪಬಾರದು. ನಾಯಿಯಿಂದ ನಮಗೆ ನಿಜವಾಗಿ ಇವತ್ತು ಪ್ರಾಣಭಯ ಇರೋದು ಹುಚ್ಚುನಾಯಿ ರೋಗದ್ದು. ಅದರ ಮುಂದ ಈ ಫ್ಲೂ ಏನೇನೂ ಅಲ್ಲ. ನಾಯಿಗೆ ರೇಬಿಸ್ ಲಸಿಕೆ ಹಾಕಿಸದವರು ಫ್ಲೂ ಬಗ್ಗೆ ತಲೆ ಕೆಡಿಸಿಕೊಳ್ಳೋದು ಬಾವಿ ಒಣಗಿದಾಗ ಪೈಪಿಗೆ ಬಣ್ಣ ಹಚ್ಚಿದ ಹಂಗ. ಇನ್ನೊಂದು, ನಾಯಿ ಮರಿಗೆ ಹಾಕಿಸೋ ಕೂಡು ಲಸಿಕೆಯ ಚೀಟಿಯಲ್ಲಿ 'ಪ್ಯಾರಾಇನ್‌ಫ್ಲುಯೆಂಜಾ' ಅಂತ ಇರ್ತದ. ಅದನ್ನ ನೋಡಿ ಫ್ಲೂ ಲಸಿಕೆ ಆಯ್ತು ಅಂದ್ಕೋಬ್ಯಾಡ್ರಿ, ಅದು ಬೇರೇನೇ ವೈರಸ್. ಡಿಸ್ಟೆಂಪರಿಗೆ ಮಾತ್ರ ಆ ಸೂಜಿ ಚಲೋ ಕೆಲಸ ಮಾಡ್ತದ, ಹಾಕಿಸ್ರಿ.

ಇಷ್ಟು ಓದಿದ ಮೇಲೆ ನನಗೆ ಕಂಡದ್ದು ಇಷ್ಟು. ಹಕ್ಕಿಯ, ಕುದುರೆಯ ಜಡ್ಡು ನಾಯಿಗೆ ಬಂದ ಹಲವು ಕಡೆ ಅನುಮಾನ ಬಿದ್ದದ್ದು ಗಾಳಿಯ ಮೇಲಲ್ಲ, ಬಾಯಿಯ ಮೇಲೆ. ಇಂಗ್ಲೆಂಡಿನಲ್ಲಿ ಕುದುರೆ ಮಾಂಸ, ಥಾಯ್ಲೆಂಡಿನಲ್ಲಿ ಬಾತಿನ ಹೆಣ, ಕೊರಿಯಾದಲ್ಲಿ ಕೈಮಾ. ಬಾತಿನ ಹೆಣ ನಾಯಿ ತಾನೇ ಹುಡುಕಿಕೊಂಡಿತು ಅನ್ನಬಹುದು, ಉಳಿದದ್ದು ಮನುಷ್ಯ ಕೈಯಾರೆ ಹಾಕಿದ್ದು. ಆ ಒಂದು ಕೈ ನಿಲ್ಲಿಸೋಕೆ ರೊಕ್ಕ ಹತ್ತೋದಿಲ್ಲ. ಮೂರು ಅಡಿ ಗುಂಡಿ, ಒಂದು ಬೊಗಸೆ ಸುಣ್ಣ, ಮೇಲೆ ಮುಳ್ಳು. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಎತ್ತೋದು, ಆಮೇಲೆ ಸಾಬೂನು. ಒಂದು ಕೋಳಿ ಸತ್ತರೆ ಅಷ್ಟು ಸಾಕು. ನಾಲ್ಕೈದು ಒಟ್ಟಿಗೆ ಸತ್ತರೆ, ಇಲ್ಲವೇ ಗಿಡದ ಕೆಳಗ ಕಾಗೆ, ಕೆರೆ ದಂಡೆಯಲ್ಲಿ ಬಾತು ಬಿದ್ದಿದ್ರ, ಹೂಳೋ ಮೊದಲೇ ಪಶು ಆಸ್ಪತ್ರೆಗೆ ಹೇಳ್ರಿ, ಇಲ್ಲಾ 1962ಕ್ಕ ಫೋನ್ ಹಚ್ರಿ. ಫಾರ್ಮಿನವರು ಹೆದರೋದು ಗೊತ್ತದ, ಸುದ್ದಿ ಹೊರಗೆ ಬಂದ್ರ ಒಂದು ಕಿಲೋಮೀಟರ್ ಸುತ್ತಿನ ಎಲ್ಲಾ ಕೋಳಿ ಕೊಲ್ತಾರ ಅಂತ. ಆ ಭಯ ಸುಳ್ಳಲ್ಲ. ಆದ್ರ ಮುಚ್ಚಿಟ್ಟು ನಾಯಿಗೆ ಹಾಕಿದ್ರ ಆ ಜಡ್ಡು ಒಂದು ಕಿಲೋಮೀಟರಿಗೆ ನಿಲ್ಲೋದಿಲ್ಲ, ನಾಯಿ ಒಂದು ರಾತ್ರಿಗೆ ಎಷ್ಟು ಊರು ಸುತ್ತತೈತಿ ಅಂತ ನಿಮಗೇ ಗೊತ್ತು.

ಆ ಹುಡುಗ ಕೊನೆಗೆ ತಾನೇ ಸಲಿಕೆ ತಂದ. ಕಣದ ಆಚೆ ಬೇವಿನ ಗಿಡದ ಬುಡದಾಗ ಗುಂಡಿ ತೋಡಿ, ಮನೆಯಿಂದ ಸುಣ್ಣ ತಂದು ಹಾಕಿ ಹೂಳಿದ್ವಿ. ಕರಿಯ ಅಷ್ಟೂ ಹೊತ್ತು ಗುಂಡಿ ದಂಡೆ ಮೇಲೆ ಕುಂತು ನನ್ನನ್ನೇ ನೋಡ್ತಿದ್ದ. ರಾತ್ರಿ ರೊಟ್ಟಿ-ಮಜ್ಜಿಗೆ ಹಾಕಿದ್ರ ಮೂಸಿ ನೋಡಿ ಮುಖ ತಿರುವಿದ. ಮುಂಜಾನೆ ಹೋಗಿ ನೋಡಿದೆ, ಮಣ್ಣು ಕೆದರಿದ್ದ, ಜಾಲಿ ಮುಳ್ಳು ಚುಚ್ಚಿ ಬಿಟ್ಟಿದ್ದ. ಮುಂಗಾಲು ನೆಕ್ಕೋತ ಕುಂತಿದ್ದ. ಇನ್ನೊಂದು ಹೊರೆ ಮುಳ್ಳು ತಂದು ಮೇಲೆ ಹೇರಿದೆ.